ಸೋತ ತಂಡಕ್ಕೆ ಆಟಗಾರರ ಆಯ್ಕೆ

ನಮ್ಮ ದೇಶದ ತಂಡವು ಪರದೇಶದವರೊಡನೆ ಕ್ರಿಕೆಟ್ ಪಂದ್ಯದಲ್ಲಿ ಸೋತ ದಿನ ಸಂಜೆ, ಊರಿನ ಕಾಫಿ ಹೋಟಲುಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ಬಸ್ಸಿಗೆ ಕಾದು ನಿಂತವರ ಗುಂಪಿನಲ್ಲಿಯೂ ಒಂದೊಂದು ಆಯ್ಕೆ ಸಮಿತಿ ತಾನಾಗಿಯೇ ಏರ್ಪಡುತ್ತದೆ. ಇಂಥವನನ್ನು ತೆಗೆಯಬೇಕಾಗಿತ್ತು, ಇಂಥವನನ್ನು ಸೇರಿಸಬೇಕಾಗಿತ್ತು ಎಂಬ ವಾದವು ಲೋಟದ ಕಾಫಿ ಬರಿದಾಗುವುದರೊಳಗೆ ತೀರ್ಮಾನಕ್ಕೆ ಬಂದು, ಹನ್ನೊಂದು ಹೆಸರುಗಳ ಹೊಸ ಪಟ್ಟಿಯೊಂದು ಸಿದ್ಧವಾಗಿರುತ್ತದೆ. ಈ ಸಮಿತಿಗಳನ್ನು ನಾವು ಹಾಸ್ಯ ಮಾಡುತ್ತಿಲ್ಲ; ನಾವೂ ಅವುಗಳ ಸದಸ್ಯರೇ. ಆದರೆ ಅಧಿಕಾರವುಳ್ಳ ನಿಜವಾದ ಸಮಿತಿಯೂ ಇದೇ ರೀತಿಯಲ್ಲಿ, ನಿನ್ನೆಯ ಸೋಲನ್ನೊಂದನ್ನೇ ಮುಂದಿಟ್ಟುಕೊಂಡು ಯೋಚಿಸತೊಡಗಿದರೆ ಏನಾಗುವುದೆಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಹನ್ನೊಂದು ಮಂದಿಯ ಆಯ್ಕೆಯೆಂದರೆ ದೇಶದಲ್ಲಿರುವ ಹನ್ನೊಂದು ಮಂದಿ ಅತ್ಯುತ್ತಮರನ್ನು ಆರಿಸುವುದೆಂದು ಮೇಲುನೋಟಕ್ಕೆ ತೋರುತ್ತದೆ. ಹಾಗಲ್ಲ. ಮದುವೆಯ ಅಡಿಗೆಗೆ ಹೋಳಿಗೆ ಮಾಡುವುದರಲ್ಲಿ ಹೆಸರಾದ ಹನ್ನೊಂದು ಮಂದಿಯನ್ನು ಕರೆತಂದರೆ ಸಾರು ಕಾಯಿಸುವವರಾರು? ಟೆಸ್ಟ್ ಪಂದ್ಯವನ್ನು ಗೆಲ್ಲಬೇಕಾದರೆ ಸಾಮಾನ್ಯವಾಗಿ ಎದುರಾಳಿಗಳ ಇಪ್ಪತ್ತು ವಿಕೆಟ್ಟುಗಳನ್ನು ಪಡೆಯಬೇಕು. ರನ್ನುಗಳು ಎಷ್ಟೇ ಇರಲಿ, ಇಪ್ಪತ್ತು ವಿಕೆಟ್ಟುಗಳನ್ನು ಪಡೆಯುವ ಶಕ್ತಿಯಿಲ್ಲದ ತಂಡ ಹೆಚ್ಚೆಂದರೆ ಸೋಲನ್ನು ತಪ್ಪಿಸಿಕೊಳ್ಳಬಹುದೇ ಹೊರತು ಗೆಲ್ಲಲಾರದು. ಆದರೆ ಸೋಲಿನ ಭಯ ಹಿಡಿದ ತಂಡ ಮೊದಲು ಮಾಡುವ ಕೆಲಸವೇ ಇನ್ನೊಬ್ಬ ಬ್ಯಾಟುಗಾರನನ್ನು ಸೇರಿಸುವುದು. ಅದರಿಂದ ಒಬ್ಬ ಬೌಲರು ಕಡಮೆಯಾಗುತ್ತಾನೆ. ಎದುರಾಳಿಗಳು ಐನೂರು ಆರುನೂರು ರನ್ನುಗಳನ್ನು ಪೇರಿಸುತ್ತಾರೆ. ಆ ಮೊತ್ತದ ಭಾರದ ಕೆಳಗೆ ನಮ್ಮ ಬ್ಯಾಟುಗಾರರು ಮೊದಲಿಗಿಂತ ಬೇಗನೆ ಕುಸಿಯುತ್ತಾರೆ. ಅದನ್ನು ಕಂಡು ಮುಂದಿನ ಪಂದ್ಯಕ್ಕೆ ಮತ್ತೊಬ್ಬ ಬ್ಯಾಟುಗಾರನನ್ನು ಕರೆಯುತ್ತಾರೆ. ಈ ಚಕ್ರವು ಹೇಗೆ ಸುತ್ತುತ್ತದೆ ಎಂಬುದನ್ನು ನೋಡಬೇಕಾದರೆ 1958ರ ನವೆಂಬರಿನಿಂದ 1959ರ ಡಿಸೆಂಬರಿನವರೆಗಿನ ಭಾರತದ ತಂಡದ ಕಥೆಯನ್ನು ಕೇಳಬೇಕು.

1932ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟನ್ನಾಡಿದ ಭಾರತವು ಮೊದಲನೆಯ ಗೆಲುವನ್ನು ಕಾಣಲು 1952ರ ಮದರಾಸಿನ ಪಂದ್ಯದವರೆಗೆ ಇಪ್ಪತ್ತು ವರ್ಷ ಕಾಯಬೇಕಾಯಿತು. ಇಂಥ ಎಳೆಯ ತಂಡದ ಮೇಲೆ 1958ರ ಚಳಿಗಾಲದಲ್ಲಿ ವೆಸ್ಟ್ ಇಂಡೀಸ್ ತಂಡವು ಬಂದೆರಗಿತು. ಹಾಲ್ ಮತ್ತು ಗಿಲ್‌ಕ್ರಿಸ್ಟ್ ಎಂಬ ಇಬ್ಬರು ಬಿರುಗಾಳಿಯಂಥ ಬೌಲರುಗಳು ಅವರಲ್ಲಿದ್ದರು. ಐದು ಪಂದ್ಯಗಳ ಆ ಸರಣಿಯಲ್ಲಿ ಭಾರತಕ್ಕೆ ನಾಲ್ವರು ನಾಯಕರಾದರು. ಗುಲಾಮ್ ಅಹಮದರಿಗೆ ಪೆಟ್ಟಾಗಿದ್ದುದರಿಂದ ಮುಂಬಯಿಯಲ್ಲಿ ಪಾಲಿ ಉಮ್ರಿಗರ್ ನಾಯಕರಾದರು, ಪಂದ್ಯ ಸಮವಾಯಿತು. ಕಾನಪುರದಲ್ಲಿ ಗುಲಾಮ್ ಅಹಮದರ ಕೈಕೆಳಗೆ ಆಡಿದ ಸುಭಾಷ್ ಗುಪ್ತೆ ಒಂದೇ ಇನ್ನಿಂಗ್ಸಿನಲ್ಲಿ ಒಂಬತ್ತು ವಿಕೆಟ್ಟುಗಳನ್ನು ಪಡೆದರೂ ಭಾರತಕ್ಕೆ 203 ರನ್ನುಗಳ ಸೋಲಾಯಿತು. ಕಲಕತ್ತೆಯಲ್ಲಿ ಕನ್ಹಾಯ್ ಒಬ್ಬರೇ 256 ರನ್ನು ಹೊಡೆದರು. ಒಂದು ಇನ್ನಿಂಗ್ಸ್ ಮತ್ತು 336 ರನ್ನುಗಳ ಆ ಸೋಲಿನೊಡನೆ ಗುಲಾಮ್ ಅಹಮದರ ನಾಯಕತ್ವವೂ ಮುಗಿಯಿತು.

ಮದರಾಸಿನಲ್ಲಿ ನಡೆದುದು ಇನ್ನೂ ವಿಚಿತ್ರ. ನಾಯಕತ್ವವನ್ನು ಮತ್ತೆ ಉಮ್ರಿಗರರಿಗೆ ಕೊಟ್ಟರು. ವಿಜಯ್ ಮಾಂಜ್ರೇಕರರು ಆಡಲಾರದೆ ಹೋದುದರಿಂದ ತಂಡದಲ್ಲಿ ಒಂದು ಸ್ಥಾನ ಖಾಲಿಯಾಗಿತ್ತು. ಅಲ್ಲಿಗೆ ಬ್ಯಾಟುಗಾರ ಹರ್ಡೀಕರ್ ಬೇಕೆಂದು ನಾಯಕರ ಹಟ. ಆಫ್‌ಸ್ಪಿನ್ ಬೌಲರು ಜಸು ಪಟೇಲ್ ಬೇಕೆಂದು ಕ್ರಿಕೆಟ್ ಮಂಡಲಿಯ ಅಧ್ಯಕ್ಷರ ಹಟ. ಪಂದ್ಯದ ಹಿಂದಿನ ರಾತ್ರಿ ಉಮ್ರಿಗರರು ರಾಜೀನಾಮೆಯಿತ್ತರು. ಬೆಳಗಾದರೆ ವಿನೂ ಮಂಕಡರು ನಾಯಕರು! ಆ ಪಂದ್ಯವೂ ಕೈಬಿಟ್ಟಿತು. ಕೊನೆಯದಾಗಿ ದೆಹಲಿಯಲ್ಲಿ ಸೈನ್ಯಾಧಿಕಾರಿ ಹೇಮೂ ಅಧಿಕಾರಿಯವರನ್ನು ಕರೆತಂದರು. ಅವರು ಧೈರ್ಯದಿಂದ ಆಡಿ ಪಂದ್ಯವನ್ನು ಸಮಮಾಡಿಕೊಂಡರು. ಅದೇ ಅವರ ಕಡೆಯ ಟೆಸ್ಟೂ ಆಯಿತು.

ಖಾಲಿಯಾದ ಸ್ಥಾನಕ್ಕೆ ಬೌಲರು ಬೇಕೇ ಬ್ಯಾಟುಗಾರನು ಬೇಕೇ ಎಂಬ ಆ ಜಗಳದಲ್ಲಿ ಯಾರ ಪಕ್ಷವು ಸರಿಯೆಂದು ಹೇಳಲು ನಾವು ಹೊರಟಿಲ್ಲ. ಎರಡಕ್ಕೂ ತಕ್ಕ ಕಾರಣಗಳಿದ್ದಿರಬಹುದು. ಆದರೆ ಆ ಪ್ರಶ್ನೆಯನ್ನು ತೀರ್ಮಾನಿಸಬೇಕಾದವರು ಯಾರೆಂಬುದೇ ಹಿಂದಿನ ರಾತ್ರಿಯವರೆಗೆ ತೀರ್ಮಾನವಾಗಿರಲಿಲ್ಲವೆಂಬುದು ಶೋಚನೀಯ. ಸೋತರೆ ಉತ್ತರ ಹೇಳಬೇಕಾದವನು ನಾಯಕ, ಆರಿಸುವವರು ಬೇರೆಯವರು, ಆರಿಸಿದವರ ಮೇಲೆ ಕೈಯಾಡಿಸುವವರು ಮತ್ತೂ ಬೇರೆಯವರು ಎಂದಾದರೆ, ಯಾವ ಆಟಗಾರನು ತಾನೆ ನೆಮ್ಮದಿಯಿಂದ ಬ್ಯಾಟು ಹಿಡಿದಾನು? ಬಹುಕಾಲ ನಮ್ಮಲ್ಲಿ ಸಮಿತಿಯ ಸದಸ್ಯರನ್ನು ವಲಯವಾರಾಗಿ ನೇಮಿಸುವ ಪದ್ಧತಿಯಿದ್ದಿತು. ಅದರಿಂದ ಮೂಲೆಯ ಊರುಗಳ ಆಟಗಾರರಿಗೂ ಹೇಳುವವರು ಕೇಳುವವರು ಇರುತ್ತಾರೆಂಬುದು ನಿಜ. ಆದರೆ ಅನ್ನದ ಪಾತ್ರೆಯ ಸುತ್ತ ಕುಳಿತವರು ತಮ್ಮ ತಮ್ಮ ಮನೆಯ ಮಕ್ಕಳ ಎಲೆಯ ಕಡೆಗೇ ನೋಡುವ ಸಂಭವವೂ ಇದ್ದೇ ಇದೆ.

ಮದರಾಸಿನ ಪಂದ್ಯದಲ್ಲಿ ಆರಂಭದ ಬ್ಯಾಟುಗಾರರಾಗಿ ಅಪೂರ್ವ ಸೇನ್‌ಗುಪ್ತ ಎಂಬ ತರುಣರು ಇಳಿದರು. ಇದೇ ವೆಸ್ಟ್ ಇಂಡೀಸಿನವರ ಮೇಲೆ ಸರ್ವಿಸಸ್ ತಂಡಕ್ಕಾಗಿ ಶತಕ ಹೊಡೆದಿದ್ದವರು ಅವರು. ಟೆಸ್ಟಿನ ಎರಡು ಇನ್ನಿಂಗ್ಸುಗಳಲ್ಲಿ 1 ಮತ್ತು 8 ರನ್ನು ಮಾಡಿದರು. ಅವರು ಮತ್ತೊಂದು ಟೆಸ್ಟನ್ನು ಆಡಲಿಲ್ಲ. ಶತಕವನ್ನು ನೋಡಿ ಕರೆದುದು ತಪ್ಪೇ, ಎರಡು ಬಾರಿ ಬೇಗನೆ ಔಟಾದುದನ್ನು ನೋಡಿ ಕಳುಹಿಸಿದುದು ತಪ್ಪೇ? ಎರಡೂ ಏಕಕಾಲಕ್ಕೆ ಸರಿಯಾಗಿರುವುದು ಮಾತ್ರ ಕಷ್ಟ. ನಾವೂ ಒಂದು ವರ್ಷ ಕಾಲೇಜಿನ ತಂಡವನ್ನು ಆರಿಸುವ ಕೆಲಸಕ್ಕೆ ಕುಳಿತಿದ್ದೆವು. ಸೊನ್ನೆಗೆ ಔಟಾದ ಹುಡುಗನೊಬ್ಬನನ್ನು ಮರುವಾರವೇ ಕೈಬಿಟ್ಟು, ಕಟ್ಟುನಿಟ್ಟಾಗಿ ನಡೆದೆವೆಂದು ಹೆಮ್ಮೆಪಟ್ಟುಕೊಂಡೆವು. ಅವನು ಆಮೇಲೆ ಮೈದಾನದ ಕಡೆಗೆ ಬರಲೇ ಇಲ್ಲ. ಅವನ ಸ್ಥಾನದಲ್ಲಿ ಆಡಿದವನ ಹೆಸರು ಈಗ ನಮಗೆ ನೆನಪಿಲ್ಲ. ಅವನ ಹೆಸರು ಮಾತ್ರ ನೆನಪಿದೆ.

1959ರ ಬೇಸಗೆಯಲ್ಲಿ ದತ್ತ ಗಾಯಕವಾಡರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಐದಕ್ಕೆ ಐದು ಪಂದ್ಯಗಳನ್ನೂ ಸೋತಿತು. ಆ ಪ್ರವಾಸದಲ್ಲಿ ಕಂಡ ಬೆಳಕು ತಂಡದ ಪಟ್ಟಿಯಲ್ಲಿಯೇ ಇಲ್ಲದವರಿಂದ ಬಂದಿತು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಅಬ್ಬಾಸ್ ಅಲಿ ಬೇಗರನ್ನು ನಾಲ್ಕನೆಯ ಪಂದ್ಯಕ್ಕೆ ಕರೆಸಿಕೊಂಡರು. ಅವರು ತಮ್ಮ ಮೊದಲ ಟೆಸ್ಟಿನಲ್ಲಿಯೇ ಮ್ಯಾಂಚೆಸ್ಟರಿನಲ್ಲಿ 112 ರನ್ನು ಮಾಡಿದರು. ಏಳು ವರ್ಷ ಮೊದಲು, 1952ರಲ್ಲಿ, ಇದೇ ರೀತಿ ವಿನೂ ಮಂಕಡರನ್ನು ಅಲ್ಲಿಯ ಲೀಗ್ ಕ್ಲಬ್ಬೊಂದರಿಂದ ಬಿಡಿಸಿ ಕರೆತರಬೇಕಾಗಿತ್ತು. ತಂಡದಲ್ಲಿ ಸ್ಥಾನವುಂಟೆಂದು ಮೊದಲೇ ಭರವಸೆ ಕೊಡಲು ನಮ್ಮವರು ಒಪ್ಪದಿದ್ದುದರಿಂದ ಅವರು ಕ್ಲಬ್ಬಿಗೆ ಒಪ್ಪಿಕೊಂಡುಬಿಟ್ಟಿದ್ದರು. ಲೀಡ್ಸಿನಲ್ಲಿ ಒಂದು ರನ್ನೂ ಆಗುವ ಮುನ್ನವೇ ನಾಲ್ಕು ವಿಕೆಟ್ಟುಗಳು ಬಿದ್ದ ಮೇಲೆ ಅವರ ನೆನಪಾಯಿತು. ಲಾರ್ಡ್ಸಿನಲ್ಲಿ ಅವರು 72 ಮತ್ತು 184 ರನ್ನು ಹೊಡೆದು, ಐದು ವಿಕೆಟ್ಟುಗಳನ್ನೂ ಪಡೆದರು. ಪಂದ್ಯವೇನೋ ಸೋತಿತು.

ಅದೇ ವರ್ಷ ಡಿಸೆಂಬರಿನಲ್ಲಿ ಬೆನೋ ಅವರ ಆಸ್ಟ್ರೇಲಿಯಾ ತಂಡ ಬಂದಿತು. ದೆಹಲಿಯಲ್ಲಿ ಭಾರತಕ್ಕೆ ಇನ್ನಿಂಗ್ಸ್ ಸೋಲಾಯಿತು. ಮುಂದಿನ ಪಂದ್ಯ ಕಾನಪುರದಲ್ಲಿ. ಅಲ್ಲಿ ಹೊಸದಾಗಿ ಹುಲ್ಲಿನ ಪಿಚ್ಚನ್ನು ಹಾಕಿದ್ದರು. ಆಯ್ಕೆ ಸಮಿತಿಯ ಅಧ್ಯಕ್ಷರು ಲಾಲಾ ಅಮರನಾಥರು. 1936ರಲ್ಲಿ ವಿಜಯನಗರಂ ಮಹಾರಾಜಕುಮಾರರು ನಾಯಕರಾಗಿದ್ದ ಪ್ರವಾಸದಿಂದ, ಶಿಸ್ತಿಲ್ಲವೆಂಬ ಕಾರಣಕ್ಕೆ ಮೊದಲ ಟೆಸ್ಟಿಗೆ ಮುಂಚೆಯೇ ಹಡಗು ಹತ್ತಿಸಿ ಊರಿಗೆ ಕಳುಹಿಸಲ್ಪಟ್ಟಿದ್ದ ಅಮರನಾಥರೇ ಇವರು. ಮೇಲಿನವರ ಇಷ್ಟಾನಿಷ್ಟಗಳಿಂದ ಆಟಗಾರನಿಗೇನಾಗುತ್ತದೆಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಆ ಹೊಸ ನೆಲದಲ್ಲಿ ಚೆಂಡು ತಿರುಗುವುದೆಂದು ಎಣಿಸಿ ಅವರು ಹಟದಿಂದ ಸೇರಿಸಿದುದು ಯಾರನ್ನು? ಹನ್ನೊಂದು ತಿಂಗಳ ಹಿಂದೆ ಯಾರ ಹೆಸರಿನಿಂದ ಉಮ್ರಿಗರರ ನಾಯಕತ್ವ ಮುರಿದುಬಿದ್ದಿತೋ ಅದೇ ಜಸು ಪಟೇಲರನ್ನು, ಅವರ ಮೂವತ್ತೈದನೆಯ ವಯಸ್ಸಿನಲ್ಲಿ.

ಭಾರತ 152 ರನ್ನುಗಳಿಗೆ ಮುಗಿದಿತ್ತು. ಪಟೇಲರು 69 ರನ್ನು ಕೊಟ್ಟು ಒಂಬತ್ತು ವಿಕೆಟ್ಟುಗಳನ್ನು ಪಡೆದು ಆಸ್ಟ್ರೇಲಿಯಾವನ್ನು 219ಕ್ಕೆ ನಿಲ್ಲಿಸಿದರು. ಭಾರತ ಎರಡನೆಯ ಸಲ 291 ಮಾಡಿತು. ಆಸ್ಟ್ರೇಲಿಯಾ 105ಕ್ಕೆ ಕುಸಿಯಿತು. ಪಟೇಲರಿಗೆ ಐದು ವಿಕೆಟ್ಟು, ಉಳಿದ ನಾಲ್ಕು ಯಾರಿಗೆಂದರೆ ಉಮ್ರಿಗರರಿಗೆ! ಆಸ್ಟ್ರೇಲಿಯಾದ ಮೇಲೆ ಭಾರತಕ್ಕೆ ಅದೇ ಮೊದಲ ಟೆಸ್ಟ್ ಜಯ. ಜನವರಿಯಲ್ಲಿ ಒಂದೇ ತಂಡದಲ್ಲಿ ಕೂಡಲಾರದವೆಂದು ತೋರಿದ ಎರಡು ಹೆಸರುಗಳು ಡಿಸೆಂಬರಿನಲ್ಲಿ ಸೇರಿಕೊಂಡು ಪಂದ್ಯವನ್ನು ಗೆದ್ದವು. ಜನವರಿಯಲ್ಲಿ ಆ ಹೆಸರು ಅಧಿಕಾರದ ಮಾತಾಗಿ ಬಂದಿತ್ತು. ಡಿಸೆಂಬರಿನಲ್ಲಿ ನೆಲವನ್ನು ನೋಡಿ ಬಂದಿತು. ಈ ಆಯ್ಕೆಯಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಸರಣಿಯನ್ನು ಆಸ್ಟ್ರೇಲಿಯಾವೇ ಗೆದ್ದಿತು. ದೆಹಲಿಯ ಪಂದ್ಯದಲ್ಲಿ ತಮ್ಮ ಮೊದಲ ಟೆಸ್ಟನ್ನಾಡಿದ್ದ ನಮ್ಮ ಬೆಂಗಳೂರಿನ ವಿ. ಎಂ. ಮುದ್ದಯ್ಯನವರಿಗೆ ಕಾನಪುರದಲ್ಲಿ ಸ್ಥಾನವಿರಲಿಲ್ಲ. ಅವರೂ ಆಫ್‌ಸ್ಪಿನ್ ಬೌಲರೇ. ಮತ್ತೊಂದು ಟೆಸ್ಟನ್ನಾಡುವುದರೊಳಗೆ ಅವರು ಒಂದು ವರ್ಷ ಕಾಯಬೇಕಾಯಿತು, ಅದೇ ಕೊನೆಯದೂ ಆಯಿತು. ಒಳ್ಳೆಯ ಆಯ್ಕೆಯೂ ಯಾರಾದರೊಬ್ಬರ ಪಾಲಿಗೆ ಹೀಗೆಯೇ ಕಾಣುತ್ತದೆ.

ಹತ್ತು ವರ್ಷಗಳ ತರುವಾಯ, 1969ರ ನವೆಂಬರಿನಲ್ಲಿ, ಅದೇ ಕಾನಪುರಕ್ಕೆ ಅದೇ ಆಸ್ಟ್ರೇಲಿಯಾದವರು ಮತ್ತೆ ಬಂದರು. ವಿಜಯ್ ಮರ್ಚೆಂಟರ ಸಮಿತಿಯು ತರುಣರಿಗೆ ಅವಕಾಶ ಕೊಡಬೇಕೆಂದು ನಿಶ್ಚಯಿಸಿದ್ದ ಕಾಲವದು. ಭದ್ರಾವತಿಯಲ್ಲಿ ಹುಟ್ಟಿ ಮೈಸೂರು ತಂಡಕ್ಕೆ ಆಡುತ್ತಿದ್ದ, ಇಪ್ಪತ್ತು ವರ್ಷದ ಜಿ. ಆರ್. ವಿಶ್ವನಾಥರು ಮೊದಲ ಸಲ ಟೆಸ್ಟಿಗಿಳಿದರು. ಅವರು ಎರಡು ವರ್ಷಗಳ ಹಿಂದೆ ರಣಜಿ ಪಂದ್ಯದಲ್ಲಿ ಆಂಧ್ರದ ಮೇಲೆ, ತಮ್ಮ ಮೊದಲ ಪಂದ್ಯದಲ್ಲಿಯೇ, 230 ರನ್ನು ಹೊಡೆದಿದ್ದರು. ಕಾನಪುರದ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆಗೆ ಔಟಾದರು. ಎರಡನೆಯದರಲ್ಲಿ 137 ಹೊಡೆದರು. ಆಮೇಲೆ 91 ಟೆಸ್ಟುಗಳನ್ನು ಆಡಿ ಮುಗಿಸಿದರು. ಅವರು ಸೊನ್ನೆಗೆ ಔಟಾದ ಆ ಸಂಜೆ ಊರೂರಿನ ಕಾಫಿ ಹೋಟಲುಗಳ ಸಮಿತಿಗಳು ಏನೆಂದು ತೀರ್ಮಾನಿಸಿದುವೋ, ಆ ನಡವಳಿಕೆಗಳನ್ನು ಯಾರೂ ಬರೆದಿಟ್ಟಿಲ್ಲ.