ಒಂದು ಟಿಸಿ ಮತ್ತು ಬಾಲ ನ್ಯಾಯ ಮಂಡಳಿ

ಹೋದ ವರ್ಷ ರಮ್ಜಾನ್ ಈದ್ ಮುಗಿದು ಒಂದು ವಾರವಾಗಿತ್ತು. ಮಗ್ರಿಬ್ ನಮಾಜ್ ಆದ ಮೇಲೆ ನಮ್ಮ ಗಲ್ಲಿಯ ಒಬ್ಬ ಖಾಲಾ ಓಡುತ್ತಾ ಮನೆಗೆ ಬಂದರು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಅವರ ಮಗನನ್ನು ಪೊಲೀಸರು ಹಿಡಿದಿದ್ದರು. ಇಬ್ಬರು ದೊಡ್ಡ ಹುಡುಗರು ಕದ್ದಿದ್ದ ಬೈಕಿನಲ್ಲಿ ಇವನೂ ಹತ್ತಿಕೊಂಡು ಹೋಗಿದ್ದನಂತೆ. ಠಾಣೆಯಿಂದ ಫೋನ್ ಮಾಡಿದವರು ಆಧಾರ್ ತನ್ನಿ ಎಂದಿದ್ದರು. ಗಲ್ಲಿಯಲ್ಲಿ ಯಾರ ಮನೆಗೆ ಕನ್ನಡದ ಕಾಗದ ಬಂದರೂ ಓದಿ ಹೇಳುವುದು ನನ್ನ ಕೆಲಸ. ಹಾಗಾಗಿ ಖಾಲಾ ತಮ್ಮ ಪ್ಲಾಸ್ಟಿಕ್ ಕವರನ್ನು ನನ್ನ ಮುಂದೆಯೇ ಸುರಿದರು.

ಆಧಾರ್ ಪ್ರಕಾರ ಅವನಿಗೆ 18 ವರ್ಷ 3 ತಿಂಗಳು. ಜನ್ಮದಿನ ಜನವರಿ 1. ರೇಷನ್ ಕಾರ್ಡಿನ ಝೆರಾಕ್ಸ್ ಕೆಳಗೆ ಉರ್ದು ಶಾಲೆಯ ಟಿಸಿ ಸಿಕ್ಕಿತು. ಅದರಲ್ಲಿ ಜೂನ್ 1, ವಯಸ್ಸು 16 ವರ್ಷ 10 ತಿಂಗಳು. ಖಾಲಾ ಹೇಳುವುದೇ ಬೇರೆ: ಅವನು ಹುಟ್ಟಿದ್ದು ಶಬೇ ಬರಾತ್‌ನ ಹಿಂದಿನ ದಿನ, ಜೋರು ಮಳೆಯಲ್ಲಿ. ನಮ್ಮ ಗಲ್ಲಿಯ ಅರ್ಧ ಮಕ್ಕಳ ಜನ್ಮದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಗೆ ಬರೆದುಕೊಳ್ಳುತ್ತಾರೆ. ಆಧಾರ್ ಕ್ಯಾಂಪಿನವರು ಜನವರಿ 1 ಹಾಕುತ್ತಾರೆ. ಇದನ್ನೆಲ್ಲ ನಾವು ತಮಾಷೆ ಮಾಡುತ್ತಿದ್ದೆವು. ಆ ರಾತ್ರಿ ಮಾತ್ರ ತಮಾಷೆ ಅನ್ನಿಸಲಿಲ್ಲ.

ಅಬ್ಬಾ ತಮಗೆ ಪರಿಚಯವಿದ್ದ ಕಾನೂನು ಸೇವಾ ಪ್ರಾಧಿಕಾರದ ಒಬ್ಬ ಸ್ವಯಂಸೇವಕರಿಗೆ ಫೋನ್ ಮಾಡಿದರು. ಅವರು ಹೇಳಿದ್ದು ಒಂದೇ ಮಾತು: "ಆಧಾರ್ ಪಕ್ಕಕ್ಕಿಡಿ, ಟಿಸಿ ತಗೊಂಡು ಹೋಗಿ." ಕಾರಣ ನನಗೆ ಆಮೇಲೆ ಗೊತ್ತಾಯಿತು. ಬಾಲ ನ್ಯಾಯ ಕಾಯ್ದೆ 2015ರ 94ನೇ ಕಲಂ ವಯಸ್ಸು ತೀರ್ಮಾನಿಸುವ ಕ್ರಮವನ್ನು ಹೇಳುತ್ತದೆ. ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ವೈದ್ಯಕೀಯ ಪರೀಕ್ಷೆ. ಈ ಪಟ್ಟಿಯಲ್ಲಿ ಆಧಾರ್ ಇಲ್ಲವೇ ಇಲ್ಲ. ಆಧಾರ್ ಗುರುತಿನ ದಾಖಲೆಯೇ ಹೊರತು ಹುಟ್ಟಿದ ದಿನದ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಹೇಳಿದೆ. ವಯಸ್ಸಿನ ಪ್ರಶ್ನೆಯನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ತೀರ್ಪು ಬಂದ ಮೇಲೆ ಕೂಡ ಎತ್ತಬಹುದು.

ಅವನ ಹೆಸರು, ನಮ್ಮ ಊರು, ಅವನು ಓದಿದ ಶಾಲೆ ಯಾವುದನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದು ಕೂಡ. 74ನೇ ಕಲಂ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅವನು ಸಿಕ್ಕಿಬಿದ್ದ ಮರುದಿನವೇ ವಾಟ್ಸಾಪ್‌ನಲ್ಲಿ ಅವನ ಫೋಟೋ ಹಾಕಿದ ನಮ್ಮ ಗಲ್ಲಿಯ ಅಣ್ಣಂದಿರಿಗೆ ಇದು ಗೊತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಈಗ ವ್ಯವಸ್ಥೆಯ ವಿಷಯಕ್ಕೆ ಬರುತ್ತೇನೆ. 18 ತುಂಬದವರೆಲ್ಲ ಈ ಕಾಯ್ದೆಯಲ್ಲಿ ಮಕ್ಕಳೇ. ಕಾಯ್ದೆ ಮಕ್ಕಳನ್ನು ಎರಡು ದಾರಿಯಲ್ಲಿ ಕಳಿಸುತ್ತದೆ. ಅಪರಾಧ ಮಾಡಿದ ಆರೋಪ ಇರುವವರನ್ನು "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು" ಎನ್ನುತ್ತಾರೆ. ಆರೋಪಿ, ಕೈದಿ ಎಂಬ ಪದಗಳನ್ನು ಬಳಸುವಂತಿಲ್ಲ. ಇವರು ಹೋಗುವುದು ಬಾಲ ನ್ಯಾಯ ಮಂಡಳಿಗೆ. ಅನಾಥರು, ಮನೆ ಬಿಟ್ಟು ಬಂದವರು, ಭಿಕ್ಷೆಗೆ ಅಥವಾ ದುಡಿತಕ್ಕೆ ಹಚ್ಚಲ್ಪಟ್ಟವರು, ಬಾಲ್ಯವಿವಾಹದ ಅಪಾಯದಲ್ಲಿರುವ ಹುಡುಗಿಯರು "ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳು". ಇವರು ಹೋಗುವುದು ಮಕ್ಕಳ ಕಲ್ಯಾಣ ಸಮಿತಿಗೆ. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ತಿಂಗಳಿಗೆ ಕನಿಷ್ಠ 20 ದಿನ ಕೂಡಬೇಕು. ಬಾಲಮಂದಿರಕ್ಕೆ ಕಳಿಸುವುದು, ಮನೆಗೆ ಮರಳಿಸುವುದು ಎಲ್ಲ ಅವರ ಆದೇಶದಂತೆ.

ಮಂಡಳಿಯಲ್ಲಿ ಮೂವರು: ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಹಿಡಿದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಇವರ ಮುಂದೆ ತರಬೇಕು. ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ. ಪ್ರತಿ ಠಾಣೆಯಲ್ಲೂ ಎಎಸ್ಐ ದರ್ಜೆಗಿಂತ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ನಮ್ಮ ಹುಡುಗ ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಆ ಇಬ್ಬರು ದೊಡ್ಡವರ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ. ಅಬ್ಬಾ ಟಿಸಿ ತೋರಿಸಿದ ಮೇಲೆಯೇ ಆ ಅಧಿಕಾರಿಯನ್ನು ಕರೆಸಿದ್ದು. ಅಲ್ಲಿಂದ ಅವನನ್ನು ವೀಕ್ಷಣಾಲಯಕ್ಕೆ ಕರೆದೊಯ್ದರು. ದೊಡ್ಡವರ ಕೇಸು ಮಾಮೂಲಿ ಕೋರ್ಟಿಗೆ ಹೋಯಿತು, ಇವನದು ಮಂಡಳಿಗೆ. ಮಗುವನ್ನೂ ದೊಡ್ಡವರನ್ನೂ ಒಟ್ಟಿಗೆ ವಿಚಾರಣೆ ಮಾಡುವಂತಿಲ್ಲ.

ಮರುದಿನ ಕಾಗದ ಓದಿ ಹೇಳಲು ಖಾಲಾ ನನ್ನನ್ನೂ ಕರೆದುಕೊಂಡು ಹೋದರು. ನನಗೆ ಒಳಗೆ ಪ್ರವೇಶವಿಲ್ಲ, ಹೊರಗಿನ ಬೆಂಚಿನಲ್ಲೇ ಕೂತಿದ್ದೆ. ಬಾಗಿಲು ತೆರೆದಾಗ ಕಂಡಿದ್ದು ಒಂದು ಸಾಧಾರಣ ಮೇಜು, ಸುತ್ತ ಕುರ್ಚಿಗಳು. ಸಿನಿಮಾದಲ್ಲಿ ತೋರಿಸುವ ಕಟಕಟೆ ಇಲ್ಲ, ಎತ್ತರದ ಪೀಠವೂ ಇಲ್ಲ. ಅದು ನಿಯಮವೇ ಅಂತೆ: ಮಂಡಳಿ ಎತ್ತರದ ವೇದಿಕೆಯ ಮೇಲೆ ಕೂರಬಾರದು. ಕರೆತಂದ ಪೊಲೀಸರೂ ಯೂನಿಫಾರ್ಮ್‌ನಲ್ಲಿರಲಿಲ್ಲ. ಜಾಮೀನು ಅವತ್ತೇ ಸಿಕ್ಕಿತು. ಇಲ್ಲಿ ಜಾಮೀನು ಕೊಡುವುದೇ ನಿಯಮ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಅನ್ನಿಸಿದರೆ ಮಾತ್ರ ನಿರಾಕರಿಸಬಹುದು. ಅದಕ್ಕೂ ಕಾರಣ ಬರೆಯಬೇಕು.

ಆಮೇಲೆ ಪ್ರೊಬೇಷನ್ ಆಫೀಸರ್ ಮೇಡಂ ಮನೆಗೆ ಬಂದರು. ಶಾಲೆ ಯಾಕೆ ಬಿಟ್ಟ, ಸ್ನೇಹಿತರು ಯಾರು, ಅಪ್ಪ ಎಲ್ಲಿ, ಸಂಬಳ ಯಾರ ಕೈಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಂಡರು. ಇದಕ್ಕೆ ಸಾಮಾಜಿಕ ತನಿಖಾ ವರದಿ ಎನ್ನುತ್ತಾರೆ. ಪೊಲೀಸರ ಕಾಗದ ಏನಾಯಿತು ಎಂದು ಹೇಳುತ್ತದೆ, ಈ ವರದಿ ಯಾಕಾಯಿತು ಎಂದು ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಮುಖ್ಯವಾದ ಕಾಗದ ಇಲ್ಲ. ಆದರೆ ನಮ್ಮ ಗಲ್ಲಿಯ ಹೆಂಗಸರು ಅದೂ ಪೊಲೀಸರೇ ಎಂದು ಬಾಗಿಲು ಹಾಕಿಕೊಂಡರು. ಒಳ್ಳೆಯ ಮಾತು ಹೇಳಬೇಕಾಗಿದ್ದವರೇ ಸಿಗಲಿಲ್ಲ.

ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಮತ್ತೆ 2 ತಿಂಗಳು ವಿಸ್ತರಿಸಬಹುದು. ತಪ್ಪು ಸಾಬೀತಾದರೆ ಬುದ್ಧಿ ಹೇಳಿ ಮನೆಗೆ ಕಳಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ಪ್ರೊಬೇಷನ್, ಕೊನೆಗೆ ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ. 16 ದಾಟಿದವರ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧದ ಆರೋಪವಿದ್ದರೆ ಬೇರೆ ದಾರಿ. ಮಂಡಳಿ ಮೊದಲು ಹುಡುಗನ ಮಾನಸಿಕ, ದೈಹಿಕ ಸಾಮರ್ಥ್ಯವನ್ನು ಅಳೆಯುತ್ತದೆ. ಬೇಕಾದರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಿ ದೊಡ್ಡವರಂತೆ ವಿಚಾರಣೆ ಮಾಡಿಸಬಹುದು. ಅಲ್ಲೂ ಗಲ್ಲು ಶಿಕ್ಷೆ ಇಲ್ಲ, 21 ಆಗುವವರೆಗೆ ಜೈಲೂ ಇಲ್ಲ.

ಇವರೆಲ್ಲ ಯಾರ ಕೈಕೆಳಗೆ? ಕಾಮರ್ಸ್ ವಿದ್ಯಾರ್ಥಿನಿಯಾಗಿ ನಾನೊಂದು ಸಂಘಟನಾ ಚಾರ್ಟ್ ಬರೆಯಲು ಹೋಗಿ ಸೋತೆ. ಹೋಮ್‌ಗಳು, ಪ್ರೊಬೇಷನ್ ಆಫೀಸರ್, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಪೊಲೀಸರು ಗೃಹ ಇಲಾಖೆಯವರು. ಮ್ಯಾಜಿಸ್ಟ್ರೇಟರು ಹೈಕೋರ್ಟಿನ ಅಧೀನ. ಸಮಾಜ ಕಾರ್ಯಕರ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಇವರ ಯಾರ ಕೈಕೆಳಗೂ ಇಲ್ಲದೆ ಮೇಲ್ವಿಚಾರಣೆ ಮಾಡಲು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಬೇರೆ. ನಮ್ಮ ವ್ಯವಹಾರ ಅಧ್ಯಯನದಲ್ಲಿ ಬರುವ ಫಯೋಲ್‌ನ ಆದೇಶದ ಏಕತೆ ಇಲ್ಲಿ ಎಲ್ಲೂ ಕಾಣುವುದಿಲ್ಲ. ಹಿಡಿದವರೇ ತೀರ್ಪು ಕೊಡಬಾರದು, ತೀರ್ಪು ಕೊಟ್ಟವರೇ ಕಾಯಬಾರದು ಎಂಬ ಕಾರಣಕ್ಕೆ ಹೀಗೆ ಹಂಚಿರಬೇಕು ಎಂದು ನನ್ನ ಊಹೆ. ಆದರೆ ಖಾಲಾರಂಥವರಿಗೆ ಯಾವ ಕಾಗದಕ್ಕೆ ಯಾವ ಬಾಗಿಲು ಬಡಿಯಬೇಕು ಎನ್ನುವುದೇ ತಿಳಿಯುವುದಿಲ್ಲ.

ನಮ್ಮವರಿಗೆ ಒಂದು ಮಾತು ಹೇಳಬೇಕು. ಅನಾಥ ಮಕ್ಕಳನ್ನು ಇಟ್ಟುಕೊಳ್ಳುವ ಯತೀಂಖಾನೆಗಳೂ ಈ ಕಾಯ್ದೆಯ 41ನೇ ಕಲಂ ಪ್ರಕಾರ ನೋಂದಣಿ ಮಾಡಿಸಬೇಕು. ಸರ್ಕಾರ ನಮ್ಮ ಯತೀಂಖಾನೆಯಲ್ಲಿ ಯಾಕೆ ಮೂಗು ತೂರಿಸುತ್ತದೆ ಎಂದು ಬೇಸರ ಮಾಡಿಕೊಳ್ಳುವವರಿದ್ದಾರೆ. ಈ ನಿಯಮ ಯಾವ ಧರ್ಮದವರು ನಡೆಸಿದರೂ ಒಂದೇ. ಅಲ್ಲಿರುವ ಮಗುವಿನ ಹೆಸರು ಹೊರಗಿನ ಒಂದು ರಿಜಿಸ್ಟರಿನಲ್ಲಿ ಇರುವುದು ಒಳ್ಳೆಯದೇ ಎಂದು ನನಗನ್ನಿಸುತ್ತದೆ.

ಅವನಿಗೆ ಐದನೇ ತಿಂಗಳಲ್ಲಿ ಆದೇಶವಾಯಿತು: ತಾಯಿಯ ಸುಪರ್ದಿಯಲ್ಲಿ ಒಂದು ವರ್ಷ ಪ್ರೊಬೇಷನ್. ಇದು ಅವನ ಮುಂದಿನ ಕೆಲಸಕ್ಕೆ ಅಡ್ಡಿಯಾಗುವಂತಿಲ್ಲ, ಅಪೀಲಿನ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶ ಮಾಡಬೇಕು ಎಂದು 24ನೇ ಕಲಂ ಹೇಳುತ್ತದೆ. ಅದನ್ನು ಖಾಲಾರಿಗೆ ದಖನಿಯಲ್ಲಿ ಮೂರು ಸಲ ಹೇಳಿದೆ. ಮೂರನೇ ಸಲ ಅವರು ನಂಬಿದರು. ಹಳೆಯ ಗ್ಯಾರೇಜಿನವರು ಇನ್ನೂ ನಂಬಿಲ್ಲ, ಅವನನ್ನು ವಾಪಸ್ ಸೇರಿಸಿಕೊಂಡಿಲ್ಲ. ಟಿಸಿಯ ಐದು ಝೆರಾಕ್ಸ್ ಮಾಡಿಸಿದ್ದೇವೆ. ಒಂದು ನಮ್ಮ ಮನೆಯಲ್ಲೇ ಇದೆ.