ಹೊಸಬರಿಗೆ ಬಾಗಿಲು ತೆರೆಯುವವರು ಯಾರು?



ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗನೊಬ್ಬನನ್ನು ನೆನಪು ಮಾಡಿಕೊಳ್ಳಿ. ಬಿಸಿನೀರು ಎಷ್ಟು ಗಂಟೆಗೆ ಮುಗಿದುಹೋಗುತ್ತದೆ, ಊಟಕ್ಕೆ ತಡವಾದರೆ ಯಾರನ್ನು ಕೇಳಬೇಕು ಎಂಬುದೆಲ್ಲ ನೋಟೀಸ್ ಬೋರ್ಡಿನಲ್ಲಿ ಇರುವುದಿಲ್ಲ. ಹಳಬನೊಬ್ಬ 'ಬಾರೋ, ತೋರಿಸ್ತೀನಿ' ಎಂದರೆ ಆ ಹುಡುಗ ಅಲ್ಲಿ ನೆಲೆಯೂರುತ್ತಾನೆ. ಎಲ್ಲರೂ ನಕ್ಕರೆ ಮೊದಲ ಭಾನುವಾರವೇ ಟ್ರಂಕು ಎತ್ತಿಕೊಂಡು ಊರಿನ ಬಸ್ಸು ಹತ್ತುತ್ತಾನೆ.

ಅಂತರ್ಜಾಲದಲ್ಲಿಯೂ ಇಂಥ ಹಾಸ್ಟೆಲುಗಳಿವೆ. ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದ ಹೆಸರನ್ನು ನೀವು ಕೇಳಿರಬಹುದು. ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣ 2016ರಲ್ಲಿ ಇದನ್ನು ಹೊರತಂದರು. ಫೇಸ್‌ಬುಕ್ಕಿನಂತೆ ಇದು ಒಂದೇ ಕಂಪನಿಯ ಕೈಯಲ್ಲಿಲ್ಲ. ಇದರಲ್ಲಿ ಸಾವಿರಾರು ಸರ್ವರ್‌ಗಳಿವೆ, ಒಂದೊಂದನ್ನೂ ಬೇರೆ ಬೇರೆಯವರು ನಡೆಸುತ್ತಾರೆ. ಆದರೂ ಒಂದು ಕಂಪನಿಯ ಇಮೇಲಿನಿಂದ ಇನ್ನೊಂದರ ಇಮೇಲಿಗೆ ಪತ್ರ ಹೋಗುವಂತೆ, ಒಂದು ಸರ್ವರಿನವರು ಇನ್ನೊಂದರವರೊಡನೆ ಮಾತನಾಡಬಹುದು. ಇದಕ್ಕೆ ಬೇಕಾದ ಸಮಾನ ಭಾಷೆಯ ಹೆಸರು ಆಕ್ಟಿವಿಟಿಪಬ್. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2018ರ ಜನವರಿಯಲ್ಲಿ ಅದಕ್ಕೆ ಮಾನ್ಯತೆ ನೀಡಿತು. ವಿಕೇಂದ್ರೀಕೃತ ಜಾಲ ಎಂದರೆ ಇದೇ. ಇಲ್ಲಿನ ವಾರ್ಡನ್ನರಲ್ಲಿ ಅನೇಕರು ಸ್ವಯಂಸೇವಕರು. ಅನೇಕ ಕಡೆ ವಿದ್ಯುತ್ತು, ಯಂತ್ರಗಳ ಖರ್ಚು ಸದಸ್ಯರ ದೇಣಿಗೆಯಿಂದಲೇ ನಡೆಯುತ್ತದೆ.

ಇಂಥ ಕಡೆ ಸ್ವಾಗತವೆಂಬುದು ಬರಿಯ ಸೌಜನ್ಯವಲ್ಲ. ಏಕೆಂದು ನೋಡಿ. ದೊಡ್ಡ ಕಂಪನಿಗಳ ಜಾಲದಲ್ಲಿ ನಿಮ್ಮ ಪೋಸ್ಟನ್ನು ಯಾರಿಗೆ ತೋರಿಸಬೇಕೆಂದು ಯಂತ್ರವೇ ಲೆಕ್ಕ ಹಾಕುತ್ತದೆ. ಮಾಸ್ಟೊಡಾನಿನಲ್ಲಿ ನೀವು ಹಿಂಬಾಲಿಸುವವರ ಪೋಸ್ಟುಗಳು ಬಂದ ಹೊತ್ತಿನ ಕ್ರಮದಲ್ಲಿಯೇ ಕಾಣುತ್ತವೆ, ಅಷ್ಟೆ. ಹೊಸಬರ ಬರಹಕ್ಕೆ ನೀವು ನಕ್ಷತ್ರ ಒತ್ತಿದರೆ ಬರೆದವರಿಗೆ ಸಂತೋಷವಾದೀತು, ಆದರೆ ಅಷ್ಟರಿಂದಲೇ ಅದು ನಿಮ್ಮನ್ನು ಹಿಂಬಾಲಿಸುವವರಿಗೆ ತಲುಪದು. ಬೂಸ್ಟ್ ಒತ್ತಿದರೆ ಮಾತ್ರ ನಿಮ್ಮನ್ನು ಹಿಂಬಾಲಿಸುವವರ ಕಣ್ಣಿಗೆ ಬೀಳುತ್ತದೆ. ಹಳಬರು ಕೈ ಹಿಡಿಯದಿದ್ದರೆ ಹೊಸಬರು ಖಾಲಿ ಕೋಣೆಯಲ್ಲಿ ಮಾತನಾಡಿದಂತೆಯೇ.

ಈ ಸಮಸ್ಯೆ ಹೊಸದಲ್ಲ. 1980ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಯೂಸ್‌ನೆಟ್ ಕೂಡ ಒಡೆಯನಿಲ್ಲದ ಜಾಲವೇ. ಅಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಕಾಲೇಜು ಸೇರಿದ ಹೊಸ ವಿದ್ಯಾರ್ಥಿಗಳು ನುಗ್ಗುತ್ತಿದ್ದರು, ಕೆಲವು ವಾರಗಳಲ್ಲಿ ರೀತಿನೀತಿ ಕಲಿಯುತ್ತಿದ್ದರು. 1993ರ ನಂತರ ವಾಣಿಜ್ಯ ಕಂಪನಿಗಳ ಚಂದಾದಾರರು ವರ್ಷವಿಡೀ ಬರತೊಡಗಿದಾಗ, ಹಳಬರು ಅದನ್ನು 'ಮುಗಿಯದ ಸೆಪ್ಟೆಂಬರ್' ಎಂದು ಕರೆದು ಗೊಣಗಿದರು. 1995ರಲ್ಲಿ ಪ್ರಕಟವಾದ ಒಂದು ಶಿಷ್ಟಾಚಾರ ಪತ್ರ, ಒಂದೆರಡು ತಿಂಗಳು ಸುಮ್ಮನೆ ಓದಿ, ಆಮೇಲೆ ಬರೆಯಿರಿ ಎಂದು ಹೊಸಬರಿಗೆ ಹೇಳಿತು. ಸಲಹೆಯೇನೋ ಒಳ್ಳೆಯದೇ. ಆದರೆ ಎರಡು ತಿಂಗಳು ಬಾಯಿ ಮುಚ್ಚಿ ಕುಳಿತವನು ಅಲ್ಲಿಯೇ ಉಳಿಯುವನೇ? ನನಗಂತೂ ಅನುಮಾನ.

ನಮ್ಮ ದೇಶದ ಮಾತಿಗೆ ಬಂದರೆ, 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆಯ ಅಮಾನತನ್ನು ವಿರೋಧಿಸಿ ಅನೇಕ ಭಾರತೀಯರು ಮಾಸ್ಟೊಡಾನಿಗೆ ಬಂದರು. ದೊಡ್ಡ ಪ್ರವಾಹ ಬಂದದ್ದು 2022ರಲ್ಲಿ, ಟ್ವಿಟರ್ ಇಲಾನ್ ಮಸ್ಕ್ ಅವರ ಕೈಸೇರಿದಾಗ. ತಿಂಗಳಿಗೆ ಸುಮಾರು 3 ಲಕ್ಷ ಇದ್ದ ಸಕ್ರಿಯ ಬಳಕೆದಾರರು ನವೆಂಬರಿನ ಹೊತ್ತಿಗೆ ಸುಮಾರು 25 ಲಕ್ಷವಾದರು. ಮುಂದಿನ ತಿಂಗಳುಗಳಲ್ಲಿ ಆ ಸಂಖ್ಯೆ ಮತ್ತೆ ಇಳಿಯಿತು.

ಇಳಿಯಲು ಕಾರಣ ಹಲವು. ಅವುಗಳಲ್ಲಿ ಒಂದನ್ನು ನೀವು ವಿಶೇಷವಾಗಿ ಗಮನಿಸಬೇಕು. ಮನಸ್ಸನ್ನು ಕಲಕುವಂಥ ವಿಷಯ ಬರೆಯುವಾಗ ಅದರ ಮೇಲೆ ಒಂದು ಸಾಲಿನ ಎಚ್ಚರಿಕೆಯ ತೆರೆ ಹಾಕುವ ಪದ್ಧತಿ ಮಾಸ್ಟೊಡಾನಿನಲ್ಲಿದೆ. ಓದುಗರು ಬೇಕಾದರೆ ಮಾತ್ರ ತೆರೆದು ಓದುತ್ತಾರೆ. ಒಳ್ಳೆಯ ಪದ್ಧತಿ. ಆದರೆ 2022ರಲ್ಲಿ ಬಂದ ಕಪ್ಪು ಜನಾಂಗದ ಹಲವರು ತಾವು ದಿನನಿತ್ಯ ಅನುಭವಿಸುವ ವರ್ಣಭೇದದ ಬಗ್ಗೆ ಬರೆದಾಗ, 'ಅದಕ್ಕೂ ತೆರೆ ಹಾಕಿ' ಎಂದು ಹಳಬರು ಪಾಠ ಹೇಳಿದರು. ಅವಮಾನ ಉಂಡವರಿಗೆ, ನಿಮ್ಮ ಬದುಕು ನಮ್ಮ ಕಣ್ಣಿಗೆ ಕಷ್ಟ ಎಂದಂತಾಯಿತು! ಹಲವರು ಬೇಸತ್ತು ಹೊರಟುಹೋದರು. ನಮ್ಮಲ್ಲಿ ಜಾತಿಯ ನೋವನ್ನು ಹೇಳಿಕೊಂಡವರಿಗೆ 'ಇಲ್ಲಿ ಅದೆಲ್ಲ ಯಾಕೆ' ಎನ್ನುವವರಿಲ್ಲವೇ, ಹಾಗೆಯೇ ಇದು. ಸಿನಿಮಾದ ಕೊನೆಯ ಗುಟ್ಟಿಗೆ, ರಕ್ತದ ಚಿತ್ರಕ್ಕೆ ತೆರೆ ಬೇಕು ಎಂದು ತಿಳಿಸುವುದು ಒಂದು ಮಾತು. ಒಬ್ಬರ ಸಂಕಟಕ್ಕೆ ತೆರೆ ಎಳೆಯಿರಿ ಎನ್ನುವುದು ಬೇರೆಯೇ ಮಾತು.

ಹಾಗಾದರೆ ತಪ್ಪು ಕಂಡಾಗ ಏನು ಮಾಡಬೇಕು? ಹತ್ತು ಜನರ ಎದುರು ತಿದ್ದುವ ಬದಲು ಅವರೊಬ್ಬರಿಗೇ ಎರಡು ಸಾಲು ಬರೆಯಿರಿ, ಮೊದಲು ಅವರು ಹೇಳಿದ ವಿಷಯಕ್ಕೆ ಉತ್ತರ ಕೊಡಿ, ಆಮೇಲೆ ಪದ್ಧತಿಯ ಮಾತು. ಒಂದು ಎಚ್ಚರಿಕೆಯೂ ಇರಲಿ: ಮಾಸ್ಟೊಡಾನಿನ ಖಾಸಗಿ ಸಂದೇಶಗಳಿಗೆ ಗುಪ್ತಲಿಪಿಯ ರಕ್ಷಣೆಯಿಲ್ಲ. ಸರ್ವರ್ ನಡೆಸುವವರು ಅವನ್ನು ಓದುವುದು ಸಾಧ್ಯ. ಆದ್ದರಿಂದ ಗುಟ್ಟು, ಪಾಸ್‌ವರ್ಡು ಅಲ್ಲಿ ಬೇಡ.

ನೀವೇ ಹೊಸಬರಾಗಿದ್ದರೆ, ಖಾತೆ ತೆರೆಯುವ ಮೊದಲು ಆ ಸರ್ವರಿನ ನಿಯಮಗಳ ಪುಟ ಓದಿ. ಮುಂದೆ ಬೇರೆ ಸರ್ವರಿಗೆ ಹೋದರೆ ನಿಮ್ಮನ್ನು ಹಿಂಬಾಲಿಸುವವರು ಜೊತೆಗೆ ಬರಬಹುದು, ಹಳೆಯ ಪೋಸ್ಟುಗಳು ಬಾರವು. ಚಿತ್ರ ಹಾಕಿದರೆ ಅದರಲ್ಲಿ ಏನಿದೆಯೆಂದು ಒಂದು ಸಾಲು ವಿವರಣೆ ಸೇರಿಸಿ, ದೃಷ್ಟಿಯಿಲ್ಲದವರ ಕಂಪ್ಯೂಟರ್ ಅದನ್ನು ಓದಿ ಹೇಳುತ್ತದೆ. ಮೊದಲ ಪೋಸ್ಟಿನಲ್ಲಿ ನಿಮ್ಮ ಆಸಕ್ತಿಗಳನ್ನು ಹ್ಯಾಶ್‌ಟ್ಯಾಗ್ ಸಹಿತ ಬರೆಯಿರಿ, ಏಕೆಂದರೆ ಜನ ನಿಮ್ಮನ್ನು ಹುಡುಕುವುದು ಅದರಿಂದಲೇ. ಊರು, ಕಾಲೇಜಿನ ವಿವರ ಬೇಡ. ಕನ್ನಡದಲ್ಲಿ ಬರೆಯುವುದಾದರೆ, ಪೋಸ್ಟಿನ ಭಾಷೆ ಎಂಬಲ್ಲಿ ಕನ್ನಡವನ್ನೇ ಆರಿಸಿ. ಇಂಗ್ಲಿಷ್ ಎಂದು ಬಿಟ್ಟರೆ, ಕನ್ನಡ ಬರಹಗಳನ್ನಷ್ಟೇ ಆಯ್ದು ನೋಡುವವರಿಗೆ ನಿಮ್ಮ ಮಾತು ತಲುಪದೆ ಹೋಗಬಹುದು.