ಗೆರೆಗಳಲ್ಲಿ ಅರಳಿದ ಶ್ವಾನಪ್ರೇಮ

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಹೊರಭಿತ್ತಿಯನ್ನು ಪ್ರದಕ್ಷಿಣವಾಗಿ ನೋಡುತ್ತ ನಡೆದವರಿಗೆ ಈ ಅನುಭವ ಹೊಸತಲ್ಲ. ಕಲ್ಲು ನಿಂತಲ್ಲೇ ನಿಂತಿರುತ್ತದೆ. ನಮ್ಮ ಹೆಜ್ಜೆಯೊಡನೆ ರಾಮಾಯಣ, ಮಹಾಭಾರತದ ಕಥಾಪಟ್ಟಿಕೆ ಮುಂದುವರಿಯುತ್ತದೆ. ಅನಿಮೇಷನ್ ಚಿತ್ರದಲ್ಲಿ ಇದು ತಿರುವುಮುರುವು. ನೋಡುವವರು ಕುಳಿತಿರುತ್ತಾರೆ, ಚಿತ್ರಗಳು ಸೆಕೆಂಡಿಗೆ 24ರಂತೆ ಅವರೆದುರು ಸಾಗುತ್ತವೆ.

ಬೇಲೂರು, ಅರಸೀಕೆರೆಗಳ ಕಡೆಯ ನಮ್ಮ ವಾಚಕರು ರಜೆಯಲ್ಲಿ ಮಕ್ಕಳೊಡನೆ ಕುಳಿತು ನೋಡಬಹುದಾದ ಅಂಥ ಚಿತ್ರಗಳಲ್ಲಿ ವಾಲ್ಟ್ ಡಿಸ್ನಿ ಸಂಸ್ಥೆಯ ‘ಲೇಡಿ ಅಂಡ್ ದಿ ಟ್ರ್ಯಾಂಪ್’ ಒಂದು. ತೆರೆಗೆ ಬಂದದ್ದು 1955ರ ಜೂನ್‌ನಲ್ಲಿ. ಮುದ್ದಿನಿಂದ ಬೆಳೆದ ಮನೆನಾಯಿ ಲೇಡಿ, ಒಡೆಯನಿಲ್ಲದ ಬೀದಿನಾಯಿ ಟ್ರ್ಯಾಂಪ್, ಇವರ ಒಲವೇ ಕಥೆ. ಇದರ ಬೀಜ ಬಿದ್ದದ್ದು 1937ರಲ್ಲಿ. ಕಲಾವಿದ ಜೋ ಗ್ರಾಂಟ್ ತಮ್ಮ ಮನೆಯ ಲೇಡಿ ಎಂಬ ನಾಯಿಯ ರೇಖಾಚಿತ್ರಗಳನ್ನು ಡಿಸ್ನಿಯವರ ಮುಂದಿಟ್ಟರು. ಕಥೆ ಮಾತ್ರ ಹಲವು ವರ್ಷ ಕುದುರಲಿಲ್ಲ. ವಾರ್ಡ್ ಗ್ರೀನ್ ಎಂಬ ಲೇಖಕರ, ಸಿಳ್ಳು ಹಾಕುವ ನಾಯಿಯ ಕಥೆಯೊಂದು ಡಿಸ್ನಿಯವರ ಕಣ್ಣಿಗೆ ಬಿದ್ದ ಮೇಲೆಯೇ ಲೇಡಿಗೆ ಜೊತೆ ದೊರೆತದ್ದು!

ಇದು ಸಿನಿಮಾಸ್ಕೋಪಿನಲ್ಲಿ ತಯಾರಾದ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ. ಅಗಲವಾದ ತೆರೆಗಾಗಿ ಹಿನ್ನೆಲೆಗಳನ್ನೂ ಅಗಲವಾಗಿ ಬರೆಯಬೇಕಾಯಿತು. ಎಲ್ಲ ಚಿತ್ರಮಂದಿರಗಳಲ್ಲಿಯೂ ಆ ಸೌಕರ್ಯವಿರದ ಕಾರಣ ಸಾಮಾನ್ಯ ತೆರೆಗೆ ಒಗ್ಗುವ ಇನ್ನೊಂದು ಪ್ರತಿಯೂ ಸಿದ್ಧವಾಯಿತು.

ಎರಡು ನಾಯಿಗಳು ಶಾವಿಗೆಯಂಥ ಒಂದೇ ಎಳೆಯನ್ನು ಎರಡು ತುದಿಗಳಿಂದ ತಿನ್ನುತ್ತ ಬಂದು ಮೂತಿ ತಾಗಿಸುವ ದೃಶ್ಯ ಇಂದು ಲೋಕಪ್ರಸಿದ್ಧ. ಆದರೆ ಡಿಸ್ನಿಯವರು ಅದನ್ನು ಬೇಡವೆಂದೇ ಬಿಟ್ಟಿದ್ದರು. ನಾಯಿಗಳು ಉಣ್ಣುವುದರಲ್ಲಿ ಪ್ರೇಮವೆಲ್ಲಿ ಬಂತು ಎಂಬ ಶಂಕೆ ಸಹಜವೇ ಆಗಿತ್ತು. ಚಿತ್ರಕಾರ ಫ್ರಾಂಕ್ ಥಾಮಸ್ ಸುಮ್ಮನಾಗಲಿಲ್ಲ. ವಾದಿಸುವ ಬದಲು ತಾವೇ ಕುಳಿತು ಆ ದೃಶ್ಯವನ್ನು ಬರೆದು ತೋರಿಸಿದರು, ಡಿಸ್ನಿಯವರು ಒಪ್ಪಿದರು. ಹಾಡುಗಳ ರಚನೆಯಲ್ಲಿ ಪಾಲ್ಗೊಂಡು ಕೆಲವು ಪಾತ್ರಗಳಿಗೆ ಧ್ವನಿಯನ್ನೂ ನೀಡಿದ ಗಾಯಕಿ ಪೆಗ್ಗಿ ಲೀ ಅವರು, ಮುದಿ ನಾಯಿ ಟ್ರಸ್ಟಿ ಸಾಯಬಾರದೆಂದು ಕೇಳಿಕೊಂಡುದರಿಂದ ಅದು ಬದುಕಿತೆಂದು ಹೇಳುತ್ತಾರೆ. ಮಕ್ಕಳು ಆಕೆಗೆ ಋಣಿಗಳು.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದುದು 2022ರ ‘777 ಚಾರ್ಲಿ’. ಗೆರೆಯ ನಾಯಿ ಕಲಾವಿದನು ಹೇಳಿದಂತೆ ಕೇಳುತ್ತದೆ. ಜೀವಂತ ಲ್ಯಾಬ್ರಡಾರ್ ಕೇಳುವುದೇ? ಕಾಸರಗೋಡಿನ ಕಿರಣ್‌ರಾಜ್ ಅವರ ನಿರ್ದೇಶನ, ರಕ್ಷಿತ್ ಶೆಟ್ಟಿಯವರ ಅಭಿನಯದ ಜೊತೆಗೆ ತರಬೇತುದಾರ ಪ್ರಮೋದ್ ಅವರ ತಾಳ್ಮೆಯನ್ನೂ ಎಣಿಸಬೇಕು. ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು.

ನಾಯಿಯನ್ನು ಚಿತ್ರಿಸುವ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ಶಾಸನವೊಂದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ವೀರ ಮಣಲೇರನ ಬೇಟೆನಾಯಿ ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಶಿಲ್ಪಿ ಅವೆರಡನ್ನೂ ಎದುರುಬದುರಾಗಿ ಕಡೆದಿದ್ದಾನೆ. ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಡಲಾಯಿತು.